ಬುಧವಾರದ ಸೂಜಿ

ನನ್ನ ಬಲಗೈ ಈಗ ಹೆಗಲಿನ ಮಟ್ಟಕ್ಕೆ ಏಳುತ್ತದೆ. ಅದರಾಚೆ ಏಳುವುದಿಲ್ಲ. ಜಡೆ ಹೆಣೆದುಕೊಳ್ಳಲು, ಅಡುಗೆಮನೆಯ ಮೇಲಿನ ಹಲಗೆಯಿಂದ ಡಬ್ಬಿ ತೆಗೆಯಲು, ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲಲು ಆ ಕೈಯಿಂದ ಆಗುವುದಿಲ್ಲ. ನೋವು ಹೋಯಿತೇ ಎಂದು ಕೇಳಿದವರಿಗೆ ಹೋಯಿತು ಎಂದೇ ಹೇಳುತ್ತೇನೆ. ಇಷ್ಟು ವರ್ಷವಾದ ಮೇಲೂ ಇದೆ ಎಂದರೆ ಕೇಳಿದವರ ಮುಖದ ಮೇಲೆ ಒಂದು ಬೇಸರ ಹಾದುಹೋಗುತ್ತದೆ. ಅದನ್ನು ನೋಡುವುದು ನನಗೆ ಬೇಡ. ಇಲ್ಲಿ ಮಾತ್ರ ನಿಜ ಬರೆಯುತ್ತೇನೆ. ನೋವು ಇದೆ.

ನಮ್ಮದು ಬೈಲಹೊಂಗಲ. ಮನೆಯವರು ನದಾಫರು, ಗಾದಿ ಹೊಲಿಯುವ ಮನೆತನ. ನಮ್ಮ ಮನೆಮಾತು ಕನ್ನಡವೇ. ಯಜಮಾನರ ಹೆಸರು ಹುಸೇನಸಾಬ. ಅವರ ಅಪ್ಪನ ಕಾಲದಲ್ಲಿ ಬಿಲ್ಲು ಹೊತ್ತುಕೊಂಡು ಊರೂರು ತಿರುಗಿ ಹತ್ತಿ ಹಿಂಜುತ್ತಿದ್ದರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಪೇಟೆಯಲ್ಲಿ ಒಂದು ಅಂಗಡಿ, ಅದರೊಳಗೆ ಹತ್ತಿ ಹಿಂಜುವ ಮಷೀನು ಬಂದಿತ್ತು. ನಾನು ಸಂಗೊಳ್ಳಿಯ ಶಾಲೆಯೊಂದರಲ್ಲಿ ಸಣ್ಣ ತರಗತಿಗಳಿಗೆ ಕಲಿಸುತ್ತಿದ್ದೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ಮಕ್ಕಳು, ಮಕ್ಕಳ ತಾಯಂದಿರು, ಕಂಡಕ್ಟರು ಎಲ್ಲರ ಬಾಯಲ್ಲೂ ನಾನು ಜೈತೂನ ಅಕ್ಕಾರು; ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೆಯೇ ಕರೆಯುತ್ತಾರೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಬೋರ್ಡಿನ ಮೇಲೆ ಕಾಗುಣಿತ ಬರೆಯುವಾಗ ಹೆಗಲಿನ ಮುಂಭಾಗದಲ್ಲಿ ಏನೋ ಚಳಕ್ಕೆಂದಿತು. ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ. ರಾತ್ರಿ ಕೈ ಕೆಳಗೆ ಸಿಕ್ಕಿಕೊಂಡು ಮಲಗಿರಬೇಕು ಎಂದುಕೊಂಡೆ. ವಾರ ಕಳೆಯಿತು, ತಿಂಗಳು ಕಳೆಯಿತು. ಮೊದಲು ಬೋರ್ಡಿನ ಮೇಲ್ಭಾಗ ನನ್ನ ಕೈಗೆ ನಿಲುಕದಾಯಿತು, ಆಮೇಲೆ ನಡುಭಾಗ. ಕೊನೆಗೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಬೋರ್ಡಿನ ಕೆಳಗಿನ ಅಂಚಿನಲ್ಲಿ ಬರೆಯತೊಡಗಿದೆ. ಹಿಂದಿನ ಸಾಲಿನ ಮಕ್ಕಳು ಎದ್ದು ನಿಂತು ಓದುತ್ತಿದ್ದರು.

ಊರಿನ ಡಾಕ್ಟರು ಕೊಟ್ಟ ಗುಳಿಗೆ ನುಂಗಿದೆ. ನುಂಗಿದಾಗ ನೋವು ಮಂಕಾಗುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು. ಹೊಟ್ಟೆಗೆ ಮತ್ತೊಂದು ಗುಳಿಗೆ ಬಂತು. ಓಣಿಯವರು ಒಬ್ಬ ಮುದುಕಿಯನ್ನು ಕರೆತಂದರು. ಬಿಸಿ ಎಣ್ಣೆ ಹಚ್ಚಿ ತಿಕ್ಕುವುದರಲ್ಲಿ ಅವಳ ಹೆಸರು ದೊಡ್ಡದು. ಮೊದಲ ದಿನ ಹಿತವಾಯಿತು. ಎರಡನೇ ದಿನ ಅವಳು ‘ನರ ಗಂಟ ಹಾಕೈತಿ ತಂಗಿ, ಜರಾ ತಡಕೋ’ ಎಂದು ಕೈಯನ್ನು ಹಿಂದಕ್ಕೆ ಜಗ್ಗಿದಳು. ನನ್ನ ಕೂಗಿಗೆ ಎದುರುಮನೆಯವರು ಹೊರಗೆ ಬಂದರು. ಅಲ್ಲಿಂದ ಮುಂದೆ ಆ ಕೈಯನ್ನು ಯಾರಾದರೂ ಮುಟ್ಟಲು ಬಂದರೆ ನಾನು ಹಿಂದೆ ಸರಿಯುತ್ತಿದ್ದೆ, ಅವರು ಮನೆಯವರೇ ಆಗಿದ್ದರೂ.

ಬೆಳಗಾವಿಗೆ ಹೋದೆವು. ಎಲುಬಿನ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡಿದರು.

‘ಎಲುಬು ಛಲೋ ಅದಾವ್ರಿ. ಏನೂ ಆಗಿಲ್ಲ.’

ಆ ಮಾತು ಕೇಳಿ ಹುಸೇನಸಾಬರ ಮುಖ ಅರಳಿತು. ನನ್ನದು ಬಾಡಿತು. ಮುರಿದಿದ್ದರೆ, ಸವೆದಿದ್ದರೆ, ಏನಾದರೂ ಒಂದು ಕಂಡಿದ್ದರೆ ಅದನ್ನು ತೋರಿಸಬಹುದಾಗಿತ್ತು. ಶಾಲೆಯ ಹೆಡ್‌ಮಾಸ್ತರರು ಆಗಲೇ ಹೇಳಿದ್ದರು: ‘ಕೈನೋವು ಯಾರಿಗಿಲ್ಲ ಹೇಳ್ರಿ ಅಕ್ಕಾರ. ನಮ್ಮ ಮನಿಯಾಕಿ ದಿನಾ ಅಂತಾಳ.’ ಇನ್ನು ಅವರಿಗೆ ಏನು ತೋರಿಸಲಿ?

ರಕ್ತ ಪರೀಕ್ಷೆ ಮಾಡಿದಾಗ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಸಕ್ಕರೆ ಇದ್ದವರಿಗೆ ಹೀಗೆ ಹೆಗಲು ಬಿಗಿದುಕೊಳ್ಳುವುದುಂಟು, ಕೀಲಿನ ಸುತ್ತಲಿನ ಪೊರೆ ಮುದುಡಿಕೊಂಡಿದೆ, ಎರಡು ವರ್ಷಕ್ಕೆ ತಾನಾಗಿಯೇ ಬಿಡುತ್ತದೆ ಎಂದರು ಡಾಕ್ಟರು. ಅವರು ಅದನ್ನು ಸಮಾಧಾನದ ಮಾತೆಂದು ಹೇಳಿದರು. ನನಗೆ ಅದು ಜೈಲಿನ ಶಿಕ್ಷೆಯಂತೆ ಕೇಳಿಸಿತು. ಆಮೇಲೆ ಆ ಎರಡು ವರ್ಷವೂ ಬಂದು ಹೋಯಿತು, ನೋವು ಮಾತ್ರ ಎಲ್ಲೂ ಹೋಗಲಿಲ್ಲ.

ವ್ಯಾಯಾಮ ಕಲಿಸುವ ಕೋಣೆಯಲ್ಲಿ ಮೊದಲು ಬಿಸಿ ಶಾಖ ಕೊಡುತ್ತಿದ್ದರು. ಅದು ಸುಖದ ಗಳಿಗೆ. ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸಬೇಕು, ಹಗ್ಗ ಹಿಡಿದು ಒಳ್ಳೆಯ ಕೈಯಿಂದ ಕೆಟ್ಟ ಕೈಯನ್ನು ಮೇಲೆಳೆಯಬೇಕು. ಕಲಿಸುತ್ತಿದ್ದ ಹುಡುಗಿ ಒಳ್ಳೆಯವಳೇ. ಆದರೆ ನನ್ನ ಕಣ್ಣಲ್ಲಿ ನೀರು ಬಂದಾಗ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಮನೆಯಲ್ಲೂ ಮಾಡಬೇಕೆಂದು ಹುಸೇನಸಾಬರು ಪಡಸಾಲೆಯ ಬಾಗಿಲ ಚೌಕಟ್ಟಿಗೆ ಬಾವಿಯ ರಾಟೆಯಂಥ ಒಂದು ಸಣ್ಣ ಗಡಗಡಿ ಬಿಗಿದು ಹಗ್ಗ ಇಳಿಬಿಟ್ಟರು. ಅದರ ಕೀರಲು ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಮೂರು ಬೆರಳಗಲ ಏರಿದ ಕೈ ಮರುದಿನ ಬೆಳಿಗ್ಗೆ ಮತ್ತೆ ಅಲ್ಲೇ ಬಂದು ನಿಂತಿರುತ್ತಿತ್ತು.

ಹಗಲನ್ನು ಹೇಗೋ ತಳ್ಳಬಹುದಾಗಿತ್ತು. ಮಲಗಿದೊಡನೆ ಹೆಗಲೊಳಗೆ ಯಾರೋ ಉಳಿ ಇಟ್ಟು ತಿರುವಿದಂತಾಗುತ್ತಿತ್ತು. ಹುಸೇನಸಾಬರು ಅಂಗಡಿಯಲ್ಲಿದ್ದ ಹಳೆಯ ಮೆತ್ತನೆಯ ಹತ್ತಿ ಆರಿಸಿ, ಮೊಣಕೈ ಕೆಳಗೆ ಇಟ್ಟುಕೊಳ್ಳಲು ಒಂದು ಸಣ್ಣ ದಿಂಬು ಹೊಲಿದು ಕೊಟ್ಟರು. ಅದು ತೀರಾ ಉಬ್ಬಿತು ಎಂದೆ. ಬಿಚ್ಚಿ ಮತ್ತೆ ಹೊಲಿದರು. ತೀರಾ ತಗ್ಗಾಯಿತು ಎಂದೆ. ಮತ್ತೆ ಬಿಚ್ಚಿದರು. ಎಷ್ಟು ಸಲ ಬಿಚ್ಚಿದರೋ, ಒಮ್ಮೆಯೂ ಬೇಸರದ ಮಾತಾಡಲಿಲ್ಲ. ಊರಿಗೆಲ್ಲ ಗಾದಿ ಹೊಲಿದು ಕೊಡುವವರ ಹೆಂಡತಿಯಾಗಿ ನಾನು ಗೋಡೆಗೆ ಒರಗಿ ಕುಳಿತೇ ತೂಕಡಿಸುತ್ತಿದ್ದೆ.

ಮಗಳು ರೇಷ್ಮಾ ಆಗ ಕಾಲೇಜಿಗೆ ಹೋಗುತ್ತಿದ್ದಳು. ನನ್ನ ಕುಪ್ಪಸದ ಹುಕ್ಕು ಹಾಕುವುದು, ಸೆರಗು ಸರಿಮಾಡುವುದು, ತಲೆ ಬಾಚುವುದು ಎಲ್ಲ ಅವಳ ಪಾಲಿಗೆ ಬಂತು. ನನ್ನ ಕೂದಲು ದಪ್ಪ, ಸೊಂಟದ ಕೆಳಗೆ ಇಳಿಯುತ್ತಿತ್ತು. ಒಂದು ಬೆಳಿಗ್ಗೆ ಅವಳಿಗೆ ಪರೀಕ್ಷೆ. ನನಗೂ ಬಸ್ಸಿನ ಹೊತ್ತು. ಅವಸರದಲ್ಲಿ ಬಾಚಣಿಗೆ ಸಿಕ್ಕಿಕೊಂಡು ಜಗ್ಗಿತು, ನಾನು ಚೀರಿದೆ.

‘ಎಷ್ಟ ಮಾಡಿದ್ರೂ ಚೀರೂದ ಚೀರತಿ. ನಾನೂ ಮನಶ್ಯಾಳ ಅಲ್ಲೇನ ಅವ್ವಾ?’ ಎಂದು ಬಾಚಣಿಗೆ ಎಸೆದಳು.

ಎಸೆದವಳೇ ಮುಖ ಮುಚ್ಚಿಕೊಂಡು ಅತ್ತಳು. ಪರೀಕ್ಷೆಗೆ ಕೆಂಪು ಕಣ್ಣಲ್ಲೇ ಹೋದಳು. ಆ ದಿನ ನಾನು ಶಾಲೆಗೆ ಹೋಗಲಿಲ್ಲ. ಅವಳು ಸಂಜೆ ಮನೆಗೆ ಬಂದಾಗ ಕತ್ತರಿ ಅವಳ ಕೈಗೆ ಕೊಟ್ಟೆ.

‘ಕತ್ತರಿಸಿ ಬಿಡ. ಕುತ್ತಿಗಿಮಟಾ.’

‘ಅಪ್ಪಾ ಏನಂದಾರು?’

‘ಕೂದಲಾ ಹೊತ್ತಾಕಿ ನಾನು.’

ಅವಳು ಜಡೆ ಹಿಡಿದು ಕತ್ತರಿಸಿದಳು. ಕತ್ತರಿಸಿದ ಕೂದಲನ್ನು ಪೇಪರಿನಲ್ಲಿ ಸುತ್ತಿ ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು. ಹುಸೇನಸಾಬರು ಬಂದು ನನ್ನ ತಲೆ ನೋಡಿದರು. ಊಟಕ್ಕೆ ಕುಳಿತು ಒಂದು ತುತ್ತು ಮುರಿದು, ಹಾಗೆಯೇ ತಾಟು ಸರಿಸಿ ಎದ್ದು ಹೋದರು. ಓಣಿಯಲ್ಲಿ ಏನೇನೋ ಮಾತು ಹುಟ್ಟಿತು. ಶಾಲೆಯಲ್ಲಿ ಮಕ್ಕಳು ಮಾತ್ರ ಒಂದು ದಿನ ದಿಟ್ಟಿಸಿ ನೋಡಿ ಮರೆತುಬಿಟ್ಟರು.

ಎಲುಬಿನ ಡಾಕ್ಟರು ಕೀಲಿನೊಳಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಅದರ ಬಗ್ಗೆ ಸುಳ್ಳು ಹೇಳಬಾರದು, ಕೆಲವು ವಾರ ಬದುಕು ಬಂತು. ರೊಟ್ಟಿ ತಟ್ಟಿದೆ. ಗೋಡೆ ಬಿಟ್ಟು ಹಾಸಿಗೆಯಲ್ಲಿ ನೆಟ್ಟಗೆ ಮಲಗಿದೆ. ಆದರೆ ಸಕ್ಕರೆ ಏರಿ ಕಣ್ಣು ಮಂಜಾಗತೊಡಗಿತು. ನೋವು ಹೊರಟುಹೋದಷ್ಟೇ ಸದ್ದಿಲ್ಲದೆ ಹಿಂದಿರುಗಿತು. ಎರಡನೆಯದು ಮೊದಲಿನಷ್ಟು ಹಿಡಿಯಲಿಲ್ಲ. ಮೂರನೆಯದನ್ನು ಸಕ್ಕರೆಯ ದೆಸೆಯಿಂದ ಡಾಕ್ಟರೇ ಕೊಡಲಿಲ್ಲ.

ಅವತ್ತು ಆ ಕೋಣೆಯಲ್ಲಿ ನಾನು ಹೇಳಿದೆ: ‘ಸಾಹೇಬ್ರ, ಈ ಕೈ ಕಡದ ಬಿಡ್ರಿ. ಸಹಿ ಮಾಡಿ ಕೊಡತೇನಿ.’

ಹುಸೇನಸಾಬರು ‘ಏ ಜೈತೂನ!’ ಎಂದರು. ಡಾಕ್ಟರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ.

‘ಕಡದ್ರೂ ಹೋಗೂದಿಲ್ರಿ ಅಕ್ಕಾರ. ಕೈ ಹೋದವ್ರಿಗೂ ಇಲ್ಲದ ಕೈ ನೋಯತೈತಿ. ನಾ ಕಣ್ಣಾರೆ ನೋಡೇನಿ.’

ನನ್ನ ಕಾಯಿಲೆಯ ಅಷ್ಟೂ ವರ್ಷಗಳಲ್ಲಿ ಅದಕ್ಕಿಂತ ಕತ್ತಲೆಯ ಮಾತನ್ನು ನಾನು ಕೇಳಿಲ್ಲ. ಯಾವುದಕ್ಕಾದರೂ ಒಂದು ಕೊನೆಯ ಬಾಗಿಲು ಇರುತ್ತದೆ ಎಂದುಕೊಂಡಿದ್ದೆ. ಅದನ್ನೂ ಅವರು ಮುಚ್ಚಿದರು. ಬೆಳಗಾವಿಯಿಂದ ವಾಪಸು ಬರುವಾಗ ಬಸ್ಸು ತಿರುವಿನಲ್ಲಿ ಉರುಳಿದರೆ ಒಳ್ಳೆಯದಿತ್ತು ಅನಿಸಿತು. ಬಸ್ಸಿನ ತುಂಬ ಜನರಿದ್ದಾರೆ, ಅವರದೇನು ತಪ್ಪು ಎಂಬುದು ಆಮೇಲೆ ನೆನಪಾಯಿತು.

ಡಾಕ್ಟರು ಎರಡು ದಾರಿ ಹೇಳಿದ್ದರು. ಒಂದು, ಭೂಲು ಎಂದರೆ ಎಚ್ಚರ ತಪ್ಪಿಸುವ ಮದ್ದು ಕೊಟ್ಟು ಮಲಗಿಸಿ, ಬಿಗಿದ ಕೈಯನ್ನು ಬಲವಂತವಾಗಿ ತಿರುಗಿಸಿ ಬಿಡಿಸುವುದು. ಇನ್ನೊಂದು, ಅದೇ ಊರಿನ ಬೇರೊಂದು ದೊಡ್ಡ ದವಾಖಾನೆಯಲ್ಲಿ ಬುಧವಾರಕ್ಕೊಮ್ಮೆ ನೋವಿಗೆಂದೇ ಕೂಡುವ ಡಾಕ್ಟರ ಬಳಿಗೆ ಹೋಗುವುದು. ಆಪರೇಷನ್ನಿಗೆ ಭೂಲು ಕೊಡುವ ಡಾಕ್ಟರೇ ಅವರು. ಹೆಗಲಿಗೆ ಹೋಗುವ ನರದ ಹತ್ತಿರ ಸೂಜಿ ಚುಚ್ಚಿ ಅದನ್ನು ಮಲಗಿಸುತ್ತಾರಂತೆ. ಬಲವಂತದ ಮಾತಿಗೆ ಹುಸೇನಸಾಬರು ಒಪ್ಪಲಿಲ್ಲ. ‘ಹತ್ತಿ ಏನ ಅದು, ಜಗ್ಗಿ ಹಿಂಜಾಕ?’ ಎಂದರು. ಹೀಗೆ ನಾನು ಬುಧವಾರದವಳಾದೆ.

ಉದ್ದನೆಯ ಪಡಸಾಲೆಯಲ್ಲಿ ಗೋಡೆಗೆ ಹೊಂದಿಸಿ ಹಾಕಿದ ಒಂದು ಬೆಂಚು. ಸೊಂಟದವರು, ಮುಖದ ನರ ಸಿಡಿಯುವವರು, ಸರ್ಪಸುತ್ತು ಮಾಯ್ದರೂ ಉರಿ ಉಳಿದವರು, ಎಲ್ಲರೂ ಅಲ್ಲೇ. ನನ್ನ ಪಕ್ಕದಲ್ಲಿ ಇಳಕಲ್ ಸೀರೆಯುಟ್ಟ, ಹಣೆಗೆ ವಿಭೂತಿ ಹಚ್ಚಿದ ಒಬ್ಬ ಹೆಂಗಸು ಕುಳಿತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಎಡಗೈಯ ಮೊಣಕೈಯನ್ನು ಬಲ ಅಂಗೈಯಲ್ಲಿ ಹಸುಗೂಸಿನ ಹಾಗೆ ಹೊತ್ತುಕೊಂಡಿದ್ದಳು. ನಾನೂ ಹಾಗೆಯೇ ಹೊತ್ತುಕೊಂಡಿದ್ದೆ, ಬಲಗೈಯನ್ನು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

‘ಹೆಗಲೇನ್ರಿ?’ ಎಂದಳು.

‘ಹೆಗಲ್ರಿ.’

‘ಹೊಸದಾಗಿ ಬಂದೀರಿ?’

ಆಕೆಯ ಹೆಸರು ಗಂಗವ್ವ. ಸಿರಸಂಗಿಯವಳು, ಹೊಲಮನೆ ಇರುವ ಕುಟುಂಬದವಳು. ದೊಡ್ಡ ಮಗ ಕರೆತಂದು ಇಲ್ಲಿ ಕೂಡಿಸಿ ಊರೊಳಗಿನ ಕೆಲಸಕ್ಕೆ ಹೋಗುತ್ತಿದ್ದ. ನಾನು ಶಾಲೆಯಲ್ಲಿ ಕಲಿಸುವವಳೆಂದು ತಿಳಿದದ್ದೇ ಅವಳ ಬಾಯಲ್ಲೂ ಅಕ್ಕಾರಾದೆ. ಅವಳಿಗೆ ಆಗಲೇ ಒಂದು ಸೂಜಿ ಆಗಿತ್ತು. ‘ಹೆದರಬ್ಯಾಡ್ರಿ ಅಕ್ಕಾರ. ಕಣ್ಣ ಮುಚ್ಚಿ ತಗಿಯೂದರಾಗ ಮುಗಿತೈತಿ. ನಾ ಅವತ್ತ ಮನಿಗಿ ಹೋಗಿ ಹೊತ್ತ ಏರೂತನಾ ಮಕ್ಕೊಂಡೇನಿ. ಸೊಸಿ ಬಂದು ಉಸರ ಐತೋ ಇಲ್ಲೋ ಅಂತ ಮೂಗಿಗಿ ಕೈ ಹಿಡದ ನೋಡಿದಳಂತ’ ಎಂದು ನಕ್ಕಳು. ಆ ಪಡಸಾಲೆಯಲ್ಲಿ ಅಂಥ ನಗು ಕೇಳಿ ಎಲ್ಲರೂ ತಿರುಗಿ ನೋಡಿದರು.

ಒಳಗೆ ಡಾಕ್ಟರು ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಬೆನ್ನು ಸ್ವಚ್ಛಗೊಳಿಸಿ, ರೆಕ್ಕೆಯೆಲುಬಿನ ಅಂಚನ್ನು ಬೆರಳಿಂದ ತಡವುತ್ತ ಜಾಗ ಹುಡುಕಿದರು. ಮುಟ್ಟುವ ಮೊದಲು ‘ಮುಟ್ತೇನ್ರಿ’ ಎಂದರು. ಅದುವರೆಗೆ ಯಾರೂ ಹಾಗೆ ಹೇಳಿ ಮುಟ್ಟಿರಲಿಲ್ಲ. ಸೂಜಿ ಆಳಕ್ಕೆ ಇಳಿಯಿತು. ಒಂದು ಕ್ಷಣ ಹೆಗಲೆಲ್ಲ ಭಾರವಾದ ಬಿಸಿನೀರು ತುಂಬಿದಂತಾಯಿತು. ಆಮೇಲೆ ಏನೂ ಇಲ್ಲ.

ನೋವಿಲ್ಲದೆ ಇರುವುದು ಹೇಗಿರುತ್ತದೆ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವನ ಕೂಗು ಕೇಳಿಸಿತು. ಹುಸೇನಸಾಬರ ಗಡ್ಡ ಪೂರ್ತಿ ಬೆಳ್ಳಗಾಗಿರುವುದು ಕಂಡಿತು. ಯಾವಾಗ ಬೆಳ್ಳಗಾಯಿತೋ ನಾನು ನೋಡಿರಲಿಲ್ಲ. ಬಸ್ಸಿನಲ್ಲಿ ಅವರ ಹೆಗಲ ಮೇಲೆ ತಲೆಯಿಟ್ಟು ಮಲಗಿದವಳನ್ನು ಬೈಲಹೊಂಗಲದಲ್ಲಿ ಅವರೇ ಎಬ್ಬಿಸಬೇಕಾಯಿತು.

ಸಂಜೆ ಉಳ್ಳಾಗಡ್ಡಿ ಹೆಚ್ಚುತ್ತ ಕುಳಿತಿದ್ದೆ. ಹೆಗಲೊಳಗೆ ಎಲ್ಲೋ ಆಳದಲ್ಲಿ ಉಳಿಯ ತುದಿ ಸೋಕಿತು. ಸುಮ್ಮನೆ ಭ್ರಮೆ ಎಂದುಕೊಂಡೆ. ಮತ್ತೆ ಸೋಕಿತು. ಅನ್ನ ಬೇಯುವಷ್ಟರಲ್ಲಿ ಪೂರ್ತಿ ನೋವು ಬಂದು ತನ್ನ ಜಾಗದಲ್ಲಿ ಕುಳಿತಿತ್ತು. ನಾನು ಈಳಿಗೆಮಣೆಯನ್ನು ಕಾಲಿಂದ ಒದ್ದೆ. ಅಷ್ಟು ವರ್ಷ ಅನುಭವಿಸಿದರೂ ಆ ಸಂಜೆ ಅತ್ತಂತೆ ಎಂದೂ ಅತ್ತಿರಲಿಲ್ಲ. ನೋವಿಗೆ ನಾನು ಹೇಗೋ ಒಗ್ಗಿಹೋಗಿದ್ದೆ. ಅದಿಲ್ಲದ ಅರ್ಧ ದಿನ ತೋರಿಸಿ ಕಸಿದುಕೊಂಡರಲ್ಲ, ಅದನ್ನು ಸಹಿಸಲಾಗಲಿಲ್ಲ. ರೇಷ್ಮಾ ಪಕ್ಕದಲ್ಲಿ ಕುಳಿತು ನನ್ನ ಕತ್ತರಿಸಿದ ಕೂದಲಲ್ಲಿ ಕೈಯಾಡಿಸುತ್ತಿದ್ದಳು.

ಮುಂದಿನ ಬುಧವಾರ ಜಗಳಾಡಲೆಂದೇ ಹೋದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡರು.

‘ಈ ಸೂಜಿ ನಿಮ್ಮ ಬ್ಯಾನಿ ವಾಸಿ ಮಾಡೂದಿಲ್ರಿ. ನಾ ಹಂಗ ಹೇಳಿದ್ರ ಸುಳ್ಳ ಆಗತೈತಿ. ನೋವು ಇರಲಾರದ ಹೊತ್ತಿನ್ಯಾಗ ನೀವು ಕೈ ಆಡಸಬೇಕು. ನೋವಿನಾಗ ಆಡಸಾಕ ಹೋಗಿ ಸೋತೀರಿ. ಮೊದಲನೇದು ಬರೇ ಜಾಗಾ ಹೌದೋ ಅಲ್ಲೋ ನೋಡಾಕ. ಇವತ್ತ ಕೊಡೂದು ಜಾಸ್ತಿ ದಿನ ಹಿಡೀತೈತಿ.’

‘ಎಷ್ಟ ದಿನಾ?’

‘ಗೊತ್ತಿಲ್ಲ. ಒಬ್ಬೊಬ್ರಿಗೆ ಒಂದೊಂದ ಥರಾ.’

ಗೊತ್ತಿಲ್ಲ ಎಂದ ಡಾಕ್ಟರನ್ನು ನಾನು ನಂಬಿದೆ. ಎರಡು ವರ್ಷ ಎಂದವರ ಮೇಲೆ ಆ ನಂಬಿಕೆ ಉಳಿದಿರಲಿಲ್ಲ.

ಆ ಸೂಜಿ ಕೆಲವು ವಾರ ಹಿಡಿಯಿತು. ನಾನು ಗಡಗಡಿಯ ಹಗ್ಗಕ್ಕೆ ಜೋತುಬಿದ್ದೆ. ಕೈ ಎದೆಯ ಮಟ್ಟ ದಾಟಿತು, ಗದ್ದದ ಹತ್ತಿರ ಬಂತು. ನಮಾಜಿಗೆ ನಿಂತಾಗ ಎಡಗೈ ಕಿವಿಯವರೆಗೂ ಬಲಗೈ ಎದೆಯವರೆಗೂ ಏಳುತ್ತಿದ್ದುದು ಈಗ ತುಸು ಸಮನಾಗತೊಡಗಿತು. ಮದ್ದು ಇಳಿದಾಗ ನೋವು ಮರಳಿತು, ಆದರೆ ಗಳಿಸಿದ್ದರಲ್ಲಿ ಅರ್ಧ ಉಳಿಯಿತು. ಮುಂದಿನ ಸೂಜಿಗೆ ಮತ್ತಷ್ಟು. ಗುಳಿಗೆ ಹೊಟ್ಟೆ ತಿಂದಿತು, ಎಣ್ಣೆ ಒಂದು ದಿನದ ಹಿತ ಕೊಟ್ಟು ಒಂದು ಜನ್ಮದ ಭಯ ಕೊಟ್ಟಿತು, ಕೀಲಿನ ಇಂಜೆಕ್ಷನ್ ಸಕ್ಕರೆ ಏರಿಸಿತು, ಬರೀ ವ್ಯಾಯಾಮ ನನ್ನಿಂದ ಆಗಲಿಲ್ಲ. ಈ ಸೂಜಿಯ ಜೊತೆಗೆ ವ್ಯಾಯಾಮ ಮಾಡಿದಾಗ ಅಷ್ಟಿಷ್ಟು ಆಯಿತು. ಮತ್ತೊಬ್ಬರಿಗೆ ಹೀಗೆಯೇ ಆಗುತ್ತದೆ ಎಂದು ನಾನು ಹೇಳಲಾರೆ.

ಗಂಗವ್ವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಎರಡನೇ ಸೂಜಿಗೇ ಅವಳ ನೋವು ಹೋಯಿತಂತೆ. ‘ಇನ್ನ ಯಾಕ ಬರೂದ್ರಿ ಅಕ್ಕಾರ? ಬೀಜ ಬಿತ್ತೂ ಹೊತ್ತು’ ಎಂದು ಬೆಂಚಿನ ಮೇಲಿದ್ದ ಎಲ್ಲರಿಗೂ ಕೈಮುಗಿದು ಹೋದವಳು ಆ ಮಳೆಗಾಲವಿಡೀ ಬರಲಿಲ್ಲ. ಅವಳ ದೇವರು ಅವಳ ಮಾತು ಕೇಳಿದ ಎಂದುಕೊಂಡೆ.

ಜೋಳ ತೆನೆಗಟ್ಟುವ ಹೊತ್ತಿಗೆ ಒಂದು ಬುಧವಾರ ಅವಳು ಬೆಂಚಿನ ಮೇಲೆ ಮತ್ತೆ ಕುಳಿತಿದ್ದಳು. ನಾನು ಮೊದಲು ಗುರುತು ಹಿಡಿಯಲಿಲ್ಲ. ಕೆನ್ನೆ ಒಳಸರಿದಿತ್ತು. ಎಡಗೈಯ ಕಿರುಬೆರಳಿನ ಕಡೆಯ ಮಾಂಸ ಕರಗಿ ಎಲುಬು ಕಾಣುತ್ತಿತ್ತು. ಎಡಗಣ್ಣಿನ ರೆಪ್ಪೆ ನಿದ್ದೆಗೆಟ್ಟವರಂತೆ ಜೋತಿತ್ತು.

‘ನೋವು ಹೊಳ್ಳಿ ಬಂತ್ರಿ ಅಕ್ಕಾರ. ಈಗ ಬೆರಳತನಾ ಇಳಿದೈತಿ’ ಎಂದಳು. ನಗಲಿಲ್ಲ.

ಡಾಕ್ಟರು ಅವಳನ್ನು ಕರೆಯಲು ಬಾಗಿಲಿಗೆ ಬಂದವರು ಅಲ್ಲೇ ನಿಂತು ಅವಳ ಮುಖ ನೋಡಿದರು. ಹತ್ತಿರ ಬಂದು ರೆಪ್ಪೆ ಎತ್ತಿ ನೋಡಿದರು, ಅಂಗೈ ತಿರುವಿ ನೋಡಿದರು. ಆ ದಿನ ಅವಳಿಗೆ ಸೂಜಿ ಕೊಡಲಿಲ್ಲ. ಎದೆಯ ಎಕ್ಸರೇ ಬರೆದುಕೊಟ್ಟರು. ಅದುವರೆಗೆ ತೆಗೆದಿದ್ದೆಲ್ಲ ಹೆಗಲಿನ ಎಕ್ಸರೇ. ನೋವು ಇದ್ದುದು ಹೆಗಲಲ್ಲಿ, ಆದರೆ ಅದು ಹುಟ್ಟುತ್ತಿದ್ದುದು ಉಸಿರಾಡುವ ಪುಪ್ಪುಸದ ಮೇಲ್ತುದಿಯಲ್ಲಿ. ಅಲ್ಲಿ ಗಡ್ಡೆ ಬೆಳೆದು ಕೈಯ ನರಗಳನ್ನು ಹಿಡಿದಿತ್ತು.

ನಾನು ಮುಂದೆ ಹೋದ ಬುಧವಾರ ಅವಳ ಮಗ ಡಾಕ್ಟರ ಕೋಣೆಯಲ್ಲಿ ಕೂಗಾಡಿದ್ದು ಪಡಸಾಲೆಗೆ ಕೇಳಿಸಿತು. ‘ನೋವು ಮಲಗಸಿ ಕಳಸಿದ್ರಿ! ನಾವು ವಾಸಿ ಆತು ಅಂತ ಮನ್ಯಾಗ ಕುಂತ್ವಿ!’ ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದುಕೊಂಡರು. ನನಗೆ ಸೂಜಿ ಕೊಡುವಾಗ ಎಂದಿನಂತೆ ‘ಮುಟ್ತೇನ್ರಿ’ ಎಂದರು. ಮುಗಿದ ಮೇಲೆ ನಾನೇ ಕೇಳಿದೆ, ನನ್ನದೂ ಎದೆಯ ಎಕ್ಸರೇ ತೆಗೆಸಲೇ ಎಂದು. ಬರೆದುಕೊಟ್ಟರು. ನನ್ನದರಲ್ಲಿ ಏನೂ ಇರಲಿಲ್ಲ. ಸಂತೋಷಪಡಲು ನನಗೆ ಮುಖವಿರಲಿಲ್ಲ.

ಚಳಿಗಾಲದಲ್ಲಿ ಒಂದು ಭಾನುವಾರ ಹುಸೇನಸಾಬರೂ ನಾನೂ ಸಿರಸಂಗಿಗೆ ಹೋದೆವು. ಕಾಳಿಕಾದೇವಿಯ ಗುಡಿಯ ಹತ್ತಿರ ಇಳಿದು ಕೇಳಿದರೆ ಯಾರೋ ಮನೆ ತೋರಿಸಿದರು. ಗಂಗವ್ವ ಪಡಸಾಲೆಯಲ್ಲಿ ದಿಂಬುಗಳ ನಡುವೆ ಒರಗಿ ಕುಳಿತಿದ್ದಳು. ಈಗ ಸೂಜಿ ಹಿಡಿಯುತ್ತಿರಲಿಲ್ಲ. ಅದಕ್ಕೂ ಮೇಲಿನ ಗುಳಿಗೆಯೊಂದಿದೆ, ಆದರೆ ನಮ್ಮ ಕಡೆ ಸಿಗುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರಂತೆ. ಅದನ್ನು ತರಲು ಮಗ ಎರಡು ಊರು ತಿರುಗಿ ಬರಿಗೈಯಲ್ಲಿ ಬಂದಿದ್ದ. ಅವನು ನಮ್ಮೆದುರಿಗೇ ಡಾಕ್ಟರನ್ನು ಬೈಯತೊಡಗಿದ.

‘ಸುಮ್ಮಿರೊ,’ ಎಂದಳು ಗಂಗವ್ವ. ದನಿ ಒಡೆದಿತ್ತು, ಪಿಸುಮಾತಿನಂತೆ ಬರುತ್ತಿತ್ತು. ‘ಒಂದ ಮಳಿಗಾಲ ನಾ ಸುಖಾ ಉಂಡೇನಿ. ಬಿತ್ತೇನಿ, ಕಳೆ ತಗದೇನಿ. ಮೊದಲ ಗೊತ್ತಾಗಿದ್ರ ಆ ಮಳಿಗಾಲಾನೂ ಇಲ್ಲೇ ಕುಂತ ಅಳತಿದ್ದೆ.’

ಹಾಗೆ ಹೇಳಿದ್ದು ನಿಜವೆಂದು ನಂಬಿಯೋ, ಮಗನ ಎದೆಯ ಉರಿ ತಣಿಸಲೆಂದೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲೇ ಗೊತ್ತಾಗಿದ್ದರೆ ಬದುಕುತ್ತಿದ್ದಳೋ ಏನೋ, ಅದೂ ಗೊತ್ತಿಲ್ಲ. ಹುಸೇನಸಾಬರು ಅವಳ ಬೆನ್ನ ಹಿಂದಿನ ದಿಂಬು ಗಂಟುಗಟ್ಟಿರುವುದನ್ನು ನೋಡಿ, ಅದನ್ನು ಮೆಲ್ಲಗೆ ತೆಗೆದುಕೊಂಡು ಕಟ್ಟೆಯ ಮೇಲೆ ಕುಳಿತು ಹೊಲಿಗೆ ಬಿಚ್ಚಿ ಹತ್ತಿ ಹಿಂಜತೊಡಗಿದರು. ಬೇರೆ ಏನು ಮಾಡಬೇಕೆಂದು ಅವರಿಗೂ ತಿಳಿಯದು.

‘ನಿಮ್ಮ ಕೈ ಎತ್ರಿ ಅಕ್ಕಾರ, ನೋಡೂನು,’ ಎಂದಳು.

ಎತ್ತಿದೆ. ಹೆಗಲಿನವರೆಗೆ ಬಂತು.

‘ಇನ್ನೊಂದೀಟ.’

ಹಲ್ಲು ಕಚ್ಚಿ ಎತ್ತಿದೆ. ಬರಲಿಲ್ಲ. ಅವಳು ತನ್ನ ಒಳ್ಳೆಯ ಕೈ ಚಾಚಿ ನನ್ನ ಮೊಣಕೈಯನ್ನು ಕೆಳಗಿನಿಂದ ಹಿಡಿದಳು. ಮೇಲೆ ತಳ್ಳುತ್ತಾಳೆಂದು ಹೆದರಿದೆ. ತಳ್ಳಲಿಲ್ಲ. ಸುಮ್ಮನೆ ಹೊತ್ತುಕೊಂಡು ಕುಳಿತಳು, ಅವಳ ಕೈ ಸೋಲುವವರೆಗೂ.

ಶಿವರಾತ್ರಿಗೆ ಮೊದಲೇ ಗಂಗವ್ವ ತೀರಿಕೊಂಡಳು. ಸುದ್ದಿ ನನಗೆ ಮುಟ್ಟಿದ್ದು ತಡವಾಗಿ, ಸಂತೆಗೆ ಬಂದ ಆ ಊರಿನವರೊಬ್ಬರಿಂದ.

ನಾನು ಬುಧವಾರಗಳನ್ನು ಬಿಡಲಿಲ್ಲ. ಕೈ ಹೆಗಲ ಮಟ್ಟಕ್ಕೆ ಬಂದು ನಿಂತಿತ್ತು. ಒಂದೊಂದು ಸೂಜಿ ಒಂದೊಂದು ತಿಂಗಳ ನಿದ್ದೆ ಕೊಡುತ್ತಿತ್ತು, ಕೆಲವೊಮ್ಮೆ ಅದಕ್ಕೂ ಕಡಿಮೆ. ಇದೇ ನನ್ನ ಬದುಕು, ತಿಂಗಳು ತಿಂಗಳು ದಾಟಿದರಾಯಿತು ಎಂದು ಒಪ್ಪಿಕೊಂಡಿದ್ದೆ. ರೇಷ್ಮಾ ಮದುವೆಯಾಗಿ ರಾಮದುರ್ಗಕ್ಕೆ ಹೋದಳು. ಹುಕ್ಕು ಹಾಕುವ ಕೆಲಸ ಹುಸೇನಸಾಬರಿಗೆ ಬಂತು. ಮೊದಮೊದಲು ಇಬ್ಬರಿಗೂ ನಾಚಿಕೆ, ಆಮೇಲೆ ರೂಢಿ.

ಹಾಗೊಂದು ಬುಧವಾರ ಹೋದರೆ ಆ ಕೋಣೆಗೆ ಬೀಗ ಹಾಕಿತ್ತು. ಬೆಂಚಿನ ಮೇಲೆ ಆಗಲೇ ಐದಾರು ಜನ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ ದವಾಖಾನೆಯ ಸಿಪಾಯಿಯೊಬ್ಬ ಬಂದು ಹೇಳಿದ: ‘ಆ ಸಾಹೇಬ್ರು ಬಿಟ್ಟ ಹೋದ್ರು. ದೂರದ ಊರಾಗ ಕೆಲಸ ಆತಂತ. ಇನ್ನ ಇಲ್ಲಿ ಈ ಸೂಜಿ ಕೊಡಾವ್ರಿಲ್ಲ. ಹೋಗ್ರಿ ಮನಿಗಿ.’

ಯಾರೂ ಏಳಲಿಲ್ಲ. ಸವದತ್ತಿಯ ಕಡೆಯ ಒಬ್ಬ ಮುದುಕ, ಮುಖದ ನರ ಸಿಡಿಯುತ್ತಿದ್ದುದರಿಂದ ಕೆನ್ನೆಗೆ ರುಮಾಲು ಒತ್ತಿಕೊಂಡೇ ಮಾತಾಡುತ್ತಿದ್ದವನು, ‘ಇಷ್ಟ ದೂರ ಬಂದೇವಿ. ಬಸ್ಸಿಗಿ ಹೊತ್ತೈತಿ. ಒಂದೀಟ ಕುಂತ ಹೋಗೂನು’ ಎಂದ.

ಕುಳಿತೆವು. ಕಿತ್ತೂರಿನಿಂದ ಬಂದಿದ್ದ ಸೊಂಟನೋವಿನ ಹೆಂಗಸು ಬುತ್ತಿ ಬಿಚ್ಚಿ, ರೊಟ್ಟಿ ಶೇಂಗಾಚಟ್ನಿ ಎಲ್ಲರಿಗೂ ಹಂಚಿದಳು. ಮುದುಕನಿಗೆ ಅಗಿಯಲು ಬಾರದೆಂದು ರೊಟ್ಟಿಯನ್ನು ನೀರಲ್ಲಿ ನೆನೆಸಿ ಕೊಟ್ಟಳು. ಯಾರಿಗೆ ಎಲ್ಲಿ ನೋವು, ಯಾವಾಗಿನಿಂದ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಎಲ್ಲರಿಗೂ ಎಲ್ಲರದೂ ಮೊದಲೇ ಗೊತ್ತಿತ್ತು. ಆದರೂ ಹೇಳಿದೆವು, ಆದರೂ ಕೇಳಿದೆವು. ಮನೆಯಲ್ಲಿ ಇದನ್ನು ಹೇಳುವುದನ್ನು ಎಲ್ಲರೂ ಎಂದೋ ನಿಲ್ಲಿಸಿದ್ದೆವು.

ಹೊತ್ತು ಇಳಿಯಿತು. ಸಿಪಾಯಿ ಕಸಬರಿಗೆ ಹಿಡಿದು ಬಂದು ನಮ್ಮನ್ನು ನೋಡಿದ. ಏಳಿ ಎನ್ನಲಿಲ್ಲ. ನಮ್ಮ ಕಾಲುಗಳನ್ನು ಬಿಟ್ಟು, ಸುತ್ತಲೂ ಕಸ ಗುಡಿಸಿಕೊಂಡು ಹೋದ.